ಮುಲು: ಮಳೆ ಕುಡಿಯುವ ಬೆಟ್ಟದಲ್ಲಿ ಆರು ದಿನ

ಗುನುಂಗ್ ಮುಲು ರಾಷ್ಟ್ರೀಯ ಉದ್ಯಾನ ಇರುವುದು ಬೋರ್ನಿಯೊ ದ್ವೀಪದಲ್ಲಿ, ಮಲೇಷ್ಯಾದ ಸಾರವಾಕ್ ರಾಜ್ಯದ ಉತ್ತರ ಭಾಗದಲ್ಲಿ, ಬ್ರೂನೈ ಗಡಿಯ ಹತ್ತಿರ. 52,864 ಹೆಕ್ಟೇರ್ ಕಾಡು. 1974ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1985ರಲ್ಲಿ ಪ್ರವಾಸಿಗರಿಗೆ ತೆರೆಯಿತು, 2000ದಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಹೆಸರು ಕೊಟ್ಟ ಮುಲು ಶಿಖರ 2,376 ಮೀಟರ್ ಎತ್ತರದ್ದು, ಮರಳುಗಲ್ಲಿನದು. ಗುಹೆಗಳೆಲ್ಲ ಅದರ ಮಗ್ಗುಲಿನ ಸುಣ್ಣಕಲ್ಲಿನ ಸಾಲಿನಲ್ಲಿವೆ: ಆಪಿ ಬೆಟ್ಟ, ಬೆನಾರತ್ ಬೆಟ್ಟ, ದಕ್ಷಿಣದ ಗುಡ್ಡಗಳು. ಈ ಎರಡು ಜಾತಿಯ ಕಲ್ಲು ಒಂದರ ಪಕ್ಕ ಒಂದು ನಿಂತಿರುವುದರಲ್ಲೇ ಮುಲುವಿನ ಮರ್ಮವಿದೆ. ಮರಳುಗಲ್ಲಿನ ಮೇಲೆ ಬಿದ್ದ ಮಳೆ ಹಳ್ಳಕೊಳ್ಳಗಳಾಗಿ ಇಳಿದು ಬಂದು, ಸುಣ್ಣಕಲ್ಲಿನ ಬುಡ ಸಿಕ್ಕಿದೊಡನೆ ಬೆಟ್ಟದೊಳಕ್ಕೆ ನುಗ್ಗುತ್ತದೆ. ಸುಣ್ಣಕಲ್ಲಿನ ಮೇಲೆ ಬಿದ್ದ ಮಳೆಯಂತೂ ಹರಿಯುವ ಗೋಜಿಗೇ ಹೋಗದೆ ಬಿರುಕುಗಳಲ್ಲಿ ಇಂಗಿ ಕೆಳಗಿಳಿಯುತ್ತದೆ. ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಮಳೆ, ಲಕ್ಷಾಂತರ ವರ್ಷ ಹೀಗೇ ನಡೆದರೆ ಬೆಟ್ಟ ಒಳಗೊಳಗೇ ಟೊಳ್ಳಾಗದೆ ಇನ್ನೇನು!

ಹಾಗಾಗಿ ಇಲ್ಲಿಯ ಪ್ರವಾಸವನ್ನು ನೀರು ನೋಡಿಕೊಂಡೇ ಹೊಂದಿಸಿಕೊಳ್ಳಬೇಕು. ನದಿ ಏರಿದರೆ ಗುಹೆ ಮುಚ್ಚುತ್ತಾರೆ. ಇಳಿದರೆ ದೋಣಿಯ ತಳ ಕಲ್ಲಿಗೆ ತಾಗುತ್ತದೆ. ಸಂಜೆ ಜೋರು ಮಳೆ ಹಿಡಿದರೆ ಬಾವಲಿಗಳು ಹೊರಡುವುದಿಲ್ಲ. ಮೂರೇ ದಿನಕ್ಕೆ ಎಲ್ಲವನ್ನೂ ತುರುಕಿಕೊಂಡು ಬಂದವರು ಇವುಗಳಲ್ಲಿ ಒಂದನ್ನಾದರೂ ಕಳೆದುಕೊಂಡು ಹೋಗುವುದೇ ಹೆಚ್ಚು. ಮಳೆ ಇಲ್ಲದ ತಿಂಗಳು ಅಂತ ಇಲ್ಲಿ ಯಾವುದೂ ಇಲ್ಲ, ಆದ್ದರಿಂದ ತಿಂಗಳು ಹುಡುಕುವುದಕ್ಕಿಂತ ದಿನ ಹೆಚ್ಚಿಸಿಕೊಳ್ಳುವುದು ಒಳ್ಳೆಯದು. ಆರು ದಿನ ಸಾಕು.

ಹೊರಡುವ ಮುನ್ನ

ಕಾಡಿನ ಮೇಲೆ ಕತ್ತಿಯಂತೆ ಎದ್ದು ನಿಂತ ಪಿನಕಲ್ಸ್ ಎಂಬ ಕಲ್ಲುಗಳನ್ನು ನೋಡುವ ಚಾರಣಕ್ಕೆ ಮಾರ್ಗದರ್ಶಿಗಳೂ ಶಿಬಿರದ ಜಾಗವೂ ಕಡಿಮೆ. ಅದನ್ನು ಮೊದಲು ಕಾಯ್ದಿರಿಸಿ, ಸಿಕ್ಕ ದಿನಾಂಕಕ್ಕೆ ವಿಮಾನದ ಟಿಕೆಟ್ ಹೊಂದಿಸಿ. ಎಷ್ಟೋ ಜನ ಟಿಕೆಟ್ ಮೊದಲು ತೆಗೆದು, ಆಮೇಲೆ ಚಾರಣಕ್ಕೆ ಜಾಗವಿಲ್ಲವೆಂದು ಪೇಚಾಡುತ್ತಾರೆ. ಗುಹೆಗಳಿಗೆ ಮಾರ್ಗದರ್ಶಿ ಇಲ್ಲದೆ ಪ್ರವೇಶವಿಲ್ಲ, ಅವನ್ನೂ ಉದ್ಯಾನದ ಕಚೇರಿಯಲ್ಲೇ ಬರೆಸಬೇಕು.

ಮುಲುವಿನಲ್ಲಿ ಬ್ಯಾಂಕೂ ಇಲ್ಲ, ಎಟಿಎಮ್ಮೂ ಇಲ್ಲ. ಬೇಕಾದಷ್ಟು ರಿಂಗಿಟ್ ನಗದನ್ನು, ಮುಲುವಿಗೆ ವಿಮಾನ ಹೊರಡುವ ಮಿರಿ ಪಟ್ಟಣದಲ್ಲೇ ತೆಗೆದಿಟ್ಟುಕೊಳ್ಳಿ. ಸಾರವಾಕಿಗೆ ತನ್ನದೇ ವಲಸೆ ತಪಾಸಣೆ ಇದೆ. ಕ್ವಾಲಾಲಂಪುರದಿಂದ ಬಂದರೂ ಪಾಸ್‌ಪೋರ್ಟ್ ತೋರಿಸಲೇಬೇಕು, ಅದನ್ನು ಪೆಟ್ಟಿಗೆಯಲ್ಲಿ ಹಾಕಿ ಸಾಮಾನಿನೊಂದಿಗೆ ಕಳಿಸಿಬಿಡಬೇಡಿ.

ಶೂ ವಿಷಯದಲ್ಲಿ ಒಂದು ಮಾತು. ದುಬಾರಿ ಚರ್ಮದ ಬೂಟು ಇಲ್ಲಿ ಒಮ್ಮೆ ಒದ್ದೆಯಾದರೆ ಆರು ದಿನವೂ ಒಣಗುವುದಿಲ್ಲ. ಸಾರವಾಕಿನವರು ಕಾಡಿಗೆ ಹಾಕಿಕೊಳ್ಳುವುದು ಅಚ್ಚಿನಲ್ಲಿ ಎರಕ ಹೊಯ್ದ ಕಪ್ಪು ರಬ್ಬರ್ ಶೂ. ಅಡಿಯಲ್ಲಿ ಸಣ್ಣ ಸಣ್ಣ ಗುಬುಟುಗಳಿರುತ್ತವೆ, ಕೆಸರಿನಲ್ಲೂ ಬಂಡೆಯ ಮೇಲೂ ಕಚ್ಚಿ ಹಿಡಿಯುತ್ತದೆ, ನೀರು ಚೆಲ್ಲಿದರೆ ಖಾಲಿ. 'ಅಡಿಡಾಸ್ ಕಂಪುಂಗ್', ಅಂದರೆ ಹಳ್ಳಿ ಅಡಿಡಾಸ್, ಎಂದು ಕೇಳಿದರೆ ಮಿರಿಯ ಅಂಗಡಿಗಳಲ್ಲಿ ಸಿಗುತ್ತದೆ. ದೊಡ್ಡ ಪಾದದವರಿಗೆ ಅಳತೆ ಸಿಗುವುದು ಕಷ್ಟ, ಅಂಥವರು ಜಾಲರಿ ಬಟ್ಟೆಯ ಹಗುರ ಶೂ ತರಲಿ. ತಲೆಗೆ ಕಟ್ಟುವ ಟಾರ್ಚು, ಜತೆಗೊಂದು ಕೈಟಾರ್ಚು, ಎರಡಕ್ಕೂ ಹೆಚ್ಚುವರಿ ಸೆಲ್ಲು. ತೋಟದ ಕೆಲಸಕ್ಕೆ ಹಾಕುವಂಥ ಕೈಗವಸು ಒಂದು ಜತೆ. ಮಳೆಗೆ ತೆಳು ಪೋಂಚೊ. ಉಂಬಳ ಕಾಲು ಹತ್ತದಂತೆ ಮೊಣಕಾಲಿನವರೆಗೆ ಬರುವ, ನೇಯ್ಗೆ ಬಿಗಿಯಾದ ಕಾಲುಚೀಲ. ಮಲೇರಿಯಾ ಮಾತ್ರೆ ಬೇಕೋ ಬೇಡವೋ ಎಂಬುದನ್ನು ಹೊರಡುವ ಮೊದಲೇ ವೈದ್ಯರ ಹತ್ತಿರ ಕೇಳಿಕೊಳ್ಳಿ.

ಮೊದಲ ದಿನ: ಬಾವಲಿಗಳ ಹೊತ್ತು

ಮುಲುವಿಗೆ ಹೆಚ್ಚಿನವರು ಬರುವುದು ವಿಮಾನದಲ್ಲೇ. ಮಿರಿಯಿಂದ ಎಟಿಆರ್ ಎಂಬ ಚಿಕ್ಕ ವಿಮಾನ ಅರ್ಧ ಗಂಟೆಯಲ್ಲಿ ತಂದಿಳಿಸುತ್ತದೆ. ನಿಲ್ದಾಣದಿಂದ ಉದ್ಯಾನದ ಕಚೇರಿಗೆ ಸುಮಾರು ಒಂದೂವರೆ ಕಿಲೋಮೀಟರ್. ವ್ಯಾನು ಸಿಗುತ್ತದೆ, ನಡೆದರೂ ಆದೀತು. ಕಚೇರಿ ಸೇರುವ ಮುಂಚೆ ಮೆಲಿನಾವ್ ನದಿಯ ಮೇಲೊಂದು ತೂಗುಸೇತುವೆ ದಾಟಬೇಕು. ದಾಟುವಾಗ ಒಂದು ನಿಮಿಷ ನಿಂತು ನೀರಿನ ಬಣ್ಣ ನೋಡಿ, ದಂಡೆಯಲ್ಲಿ ನೀರು ಎಲ್ಲಿಗೆ ಮುಟ್ಟಿದೆ ಎಂಬುದಕ್ಕೆ ಒಂದು ಕಲ್ಲನ್ನೋ ಬೇರನ್ನೋ ಗುರುತು ಮಾಡಿಕೊಳ್ಳಿ. ದಿನವೂ ಬೆಳಿಗ್ಗೆ ಆ ಗುರುತು ನೋಡಿದರೆ ಆ ದಿನ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂಬುದು ಕಚೇರಿಯವರು ಹೇಳುವ ಮೊದಲೇ ಗೊತ್ತಾಗುತ್ತದೆ. ಇಲ್ಲಿ ಮಳೆ ಬಾರದಿದ್ದರೂ ಮೇಲೆ ಬೆಟ್ಟದಲ್ಲಿ ಸುರಿದರೆ ಸಾಕು, ಕೆಲವೇ ಗಂಟೆಗಳಲ್ಲಿ ನದಿ ಏರಿಬಿಡುತ್ತದೆ.

ಬಂದ ದಿನವೇ ಮಧ್ಯಾಹ್ನ ಲಾಂಗ್ ಗುಹೆ ಮತ್ತು ಡಿಯರ್ ಗುಹೆಯ ಭೇಟಿ ಹಾಕಿಕೊಳ್ಳಬೇಕು. ದಣಿವಾಗಿದೆ, ನಾಳೆ ನೋಡೋಣ ಎಂದುಕೊಳ್ಳುವುದು ತಪ್ಪು ಲೆಕ್ಕ. ಬಾವಲಿಗಳು ಹೊರಡುವುದನ್ನು ನೋಡಲು ಎಷ್ಟು ಸಂಜೆ ಸಿಕ್ಕಿದರೂ ಬೇಕು, ಮಳೆ ಎಷ್ಟನ್ನು ನುಂಗುತ್ತದೋ ಯಾರಿಗೆ ಗೊತ್ತು.

ಕಚೇರಿಯಿಂದ ಗುಹೆಯವರೆಗೆ ಸುಮಾರು 3 ಕಿಲೋಮೀಟರ್ ಹಲಗೆ ಹಾದಿ. ಜೌಗು ಕಾಡು, ಕಪ್ಪು ನೀರು, ಆನೆಯ ಕಿವಿಯಷ್ಟಗಲದ ಎಲೆಗಳು. ಹಲಗೆ ಒದ್ದೆಯಾದಾಗ ಎಣ್ಣೆ ಸವರಿದಂತೆ ಜಾರುತ್ತದೆ. ಮಧ್ಯದಲ್ಲಿ ತಂತಿ ಜಾಲರಿ ಹೊಡೆದ ಕಡೆ ಹೆಜ್ಜೆ ಇಡಿ. ಕೈಹಿಡಿಕೆ ಹಿಡಿಯುವ ಮೊದಲು ಅದರ ಮೇಲೆ ಒಮ್ಮೆ ಕಣ್ಣಾಡಿಸಿ. ಕಂಬಳಿಹುಳು, ಕಡ್ಡಿಹುಳು, ಕೆಲವೊಮ್ಮೆ ಹಸಿರು ಮಂಡಲದ ಹಾವು ಕೂಡ ಕೈಹಿಡಿಕೆಯ ಮೇಲೇ ಮಲಗಿರುತ್ತವೆ.

ಮೊದಲು ಲಾಂಗ್ ಗುಹೆ. ಚಿಕ್ಕದು, ಒಳಗೆಲ್ಲ ಕುಸುರಿ ಕೆಲಸ. ಮಣ್ಣಿನಲ್ಲಿ ಇಳಿಯುವಾಗ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಹುಳಿಯಾದ ನೀರು ಸುಣ್ಣಕಲ್ಲನ್ನು ಕರಗಿಸುತ್ತದೆ. ಅದೇ ನೀರು ಗುಹೆಯ ಗಾಳಿಗೆ ಬಂದು ಆ ಅನಿಲವನ್ನು ಬಿಟ್ಟಾಗ, ಕರಗಿದ ಸುಣ್ಣ ಮತ್ತೆ ಕಲ್ಲಾಗಿ ಕೂರುತ್ತದೆ. ಚಾವಣಿಯಿಂದ ಇಳಿಬಿದ್ದ ಸುಣ್ಣದ ತೊಂಗಲಿನ ತುದಿಯಲ್ಲಿ ಜೋತಾಡುವ ಒಂದು ಹನಿಯ ಮೇಲೆ ಟಾರ್ಚನ್ನು ಪಕ್ಕದಿಂದ ಬಿಟ್ಟು ನೋಡಿ: ಹನಿಯ ಸುತ್ತ ತೆಳ್ಳನೆಯ ಬಿಳಿ ಬಳೆಯೊಂದು ಕಾಣುತ್ತದೆ. ತೊಂಗಲು ಬೆಳೆಯುತ್ತಿರುವುದು ಅಲ್ಲೇ. ಬೆರಳು ತಾಗಿದರೆ ಚರ್ಮದ ಜಿಡ್ಡು ಅಂಟಿ ಸುಣ್ಣ ಕೂರುವುದು ಕೆಡುತ್ತದೆ. ಮುಟ್ಟಬೇಡಿ ಎಂದು ಮಾರ್ಗದರ್ಶಿಗಳು ಮತ್ತೆ ಮತ್ತೆ ಹೇಳುವುದು ಅದಕ್ಕೇ.

ಡಿಯರ್ ಗುಹೆಗೆ ಕಾಲಿಟ್ಟಾಗ ಮೊದಲು ಎದುರಾಗುವುದು ವಾಸನೆ. ಬಾವಲಿಗಳ ಹಿಕ್ಕೆಯಿಂದ ಏಳುವ ಅಮೋನಿಯಾ ಮೂಗಿಗೆ ಬಡಿಯುತ್ತದೆ, ಹತ್ತು ನಿಮಿಷದಲ್ಲಿ ಅಭ್ಯಾಸವಾಗುತ್ತದೆ. ಹಿಂದೆ ಜಿಂಕೆಗಳು ಬಂದು ತಂಗುತ್ತಿದ್ದ ಗುಹೆ, ಅದಕ್ಕೇ ಈ ಹೆಸರು. 1961ರಲ್ಲಿ ಭೂವಿಜ್ಞಾನಿ ಜಿ. ಇ. ವಿಲ್‌ಫರ್ಡ್ ಮೊದಲ ಸರ್ವೆ ಮಾಡಿದರು. ಮುಖ್ಯ ಸುರಂಗದಲ್ಲಿ ಅಗಲ 150 ಮೀಟರ್ ದಾಟುವ, ಎತ್ತರ 100 ಮೀಟರ್ ಮೀರುವ ಜಾಗಗಳಿವೆ. 2009ರಲ್ಲಿ ವಿಯೆಟ್ನಾಮಿನ ಸಾನ್ ಡೂಂಗ್ ಗುಹೆಯನ್ನು ಅಳೆಯುವವರೆಗೆ ಜಗತ್ತಿನ ಅತಿ ದೊಡ್ಡ ಗುಹಾಸುರಂಗ ಎಂಬ ಹೆಸರು ಇದಕ್ಕಿತ್ತು. ಅಂಕಿ ಓದಿದರೆ ಇದರ ಗಾತ್ರ ಅಂದಾಜಿಗೆ ಸಿಗುವುದಿಲ್ಲ. ಮುಂದೆ ಹೋದ ಇನ್ನೊಂದು ಗುಂಪಿನ ಟಾರ್ಚುಗಳನ್ನು ಹುಡುಕಿ: ಆ ಮಿಣುಕುಹುಳಗಳು ಮನುಷ್ಯರ ಕೈಯಲ್ಲಿರುವ ದೀಪಗಳು ಎಂದು ಗೊತ್ತಾದಾಗ ಗೋಡೆಗಳು ಎಷ್ಟು ದೂರವಿವೆ ಎಂಬುದು ಹೊಳೆಯುತ್ತದೆ. ಚಾವಣಿಯಿಂದ ನೂರು ಮೀಟರಿಗೂ ಹೆಚ್ಚು ಕೆಳಗೆ ನೀರಿನ ಎಳೆಗಳು ಬೀಳುತ್ತವೆ, ಮಳೆಯ ಮರುದಿನ ಅವು ದಪ್ಪವಾಗಿರುತ್ತವೆ. ಒಳಗಿನಿಂದ ತಿರುಗಿ ನೋಡಿದರೆ ದಕ್ಷಿಣದ ಬಾಯಿಯ ಬಂಡೆಯಂಚು ಅಬ್ರಹಾಂ ಲಿಂಕನ್ನರ ಮುಖದ ಪಡಿಯಚ್ಚು.

ಆದರೆ ಈ ಗುಹೆಯ ಜೀವ ಇರುವುದು ನೆಲದಲ್ಲಿ. ಹಿಕ್ಕೆಯ ರಾಶಿಯ ಮೇಲೆ ದೀಪ ಬಿಟ್ಟರೆ ರಾಶಿಯೇ ಅಲುಗಾಡಿದಂತೆ ಕಾಣುತ್ತದೆ, ಅಷ್ಟು ಜಿರಳೆಗಳು. ಬಾವಲಿಗಳು ಕಾಡಿನ ಕೀಟಗಳನ್ನು ತಿಂದು ಬಂದು ಇಲ್ಲಿ ಉದುರಿಸುತ್ತವೆ, ಬೆಳಕೇ ಇಲ್ಲದ ಈ ನೆಲಕ್ಕೆ ಅದೇ ಅನ್ನ. ಜಿರಳೆ ಅದನ್ನು ತಿನ್ನುತ್ತದೆ, ಜಿರಳೆಯನ್ನು ಜೇಡ ಹಿಡಿಯುತ್ತದೆ. ಉದ್ದ ಮೀಸೆಯ ಗುಹೆಮಿಡತೆಗಳು ಸ್ವಿಫ್ಟ್‌ಲೆಟ್ ಹಕ್ಕಿಗಳ ಗೂಡಿಗೂ ಕೈ ಹಾಕಿ ಮೊಟ್ಟೆ ತಿನ್ನುತ್ತವೆ. ಗೋಡೆಯ ಚಾಚಿನಲ್ಲಿ ಮಸುಕು ಬಣ್ಣದ ಹಾವೊಂದು ಹಾರುವ ಹಕ್ಕಿ, ಬಾವಲಿಗಳಿಗಾಗಿ ಕಾದಿರುತ್ತದೆ. 'ಟಿಕ್ ಟಿಕ್ ಟಿಕ್' ಎಂದು ಕೇಳುವುದು ಸ್ವಿಫ್ಟ್‌ಲೆಟ್‌ಗಳದೇ ಸದ್ದು, ಕತ್ತಲಲ್ಲಿ ಅದರ ಮಾರ್ದನಿ ಕೇಳಿಕೊಂಡು ದಾರಿ ಹುಡುಕುತ್ತವೆ. ಬಾವಲಿಗಳ ಸದ್ದು ನಮ್ಮ ಕಿವಿಗೆ ನಿಲುಕದಷ್ಟು ತಾರಕ, ಈ ಹಕ್ಕಿಗಳದ್ದು ನಮಗೂ ಕೇಳುತ್ತದೆ. ಟೋಪಿ ಹಾಕಿಕೊಳ್ಳಿ, ಮೇಲೆ ನೋಡುವಾಗ ಬಾಯಿ ಮುಚ್ಚಿಕೊಂಡಿರಿ. ಕಂಬಿಗಳ ಮೇಲೆಲ್ಲ ಹಿಕ್ಕೆ ಅಂಟಿರುತ್ತದೆ, ಸೋಪು ಹಾಕಿ ಕೈ ತೊಳೆಯದೆ ಏನನ್ನೂ ತಿನ್ನಬೇಡಿ.

ಹೊರಗೆ ಬಂದು ಬಾವಲಿ ವೀಕ್ಷಣೆಯ ಬಯಲಿನ ಬೆಂಚುಗಳಲ್ಲಿ ಐದು ಗಂಟೆಯೊಳಗೆ ಕೂತುಬಿಡಬೇಕು. ಒಂದೇ ಗುಹೆಯಲ್ಲಿ ಹನ್ನೆರಡು ಜಾತಿಯ ಬಾವಲಿಗಳಿವೆ. ಸಂಜೆಯ ಮೆರವಣಿಗೆ ಹೊರಡುವುದು ಸುಕ್ಕುತುಟಿಯ ಬಾವಲಿಗಳದು, ಇಪ್ಪತ್ತೈದರಿಂದ ಮೂವತ್ತೈದು ಲಕ್ಷ ಇವೆಯೆಂಬುದು ಅಂದಾಜು. ಮೊದಲು ಗುಹೆಯ ಬಾಯಿಯ ಮೇಲೆ ಹೊಗೆ ಎದ್ದಂತೆ ಕಾಣುತ್ತದೆ. ಆ ಹೊಗೆ ಸುತ್ತುತ್ತ ಸುತ್ತುತ್ತ ಚಕ್ಕುಲಿಯಂತೆ ಬಳೆಯಾಗುತ್ತದೆ, ಬಳೆ ಒಂದು ಕಡೆ ಬಿಚ್ಚಿಕೊಂಡು ಉದ್ದನೆಯ ನೂಲಾಗಿ ಕಾಡಿನ ಮೇಲೆ ತೇಲಿಹೋಗುತ್ತದೆ. ಗಾಳಿ ನಿಂತಿದ್ದರೆ ರೇಷ್ಮೆ ಸೀರೆ ಎಳೆದಂಥ ಸರಸರ ಸದ್ದು ಕೇಳುತ್ತದೆ. ಇಷ್ಟು ಒತ್ತೊತ್ತಾಗಿ ಸುತ್ತಿಕೊಂಡು ಹೋಗುವುದು ಡೇಗೆಗಳ ಭಯಕ್ಕೆ. ಬಂಡೆಯ ಬದಿಯ ಮರಗಳನ್ನು ಬೈನಾಕ್ಯುಲರಿನಲ್ಲಿ ನೋಡಿದರೆ ಬಾವಲಿ ಹಿಡಿಯುವ ಆ ಡೇಗೆಗಳು ಕೂತಿರುವುದು ಕಾಣುತ್ತದೆ. ಗುಂಪಿನಿಂದ ಚೆದುರಿದ ಬಾವಲಿಗೇ ಅವು ಎರಗುತ್ತವೆ.

ಒಂದು ನೂಲು ಹೋಯಿತೆಂದು ಎದ್ದು ಹೊರಡಬೇಡಿ. ಮತ್ತೆ ಮತ್ತೆ ಬರುತ್ತವೆ, ಕೆಲವು ಸಂಜೆ ಐದೇ ನಿಮಿಷ, ಕೆಲವು ಸಂಜೆ ಒಂದು ಗಂಟೆ. ಪೂರ್ತಿ ಕತ್ತಲಾದ ಮೇಲೆ ಟಾರ್ಚು ಹಿಡಿದು ಹಲಗೆ ಹಾದಿಯಲ್ಲಿ ವಾಪಸು.

ಎರಡನೆಯ ದಿನ: ಗಾಳಿಯ ಗುಹೆ, ತಿಳಿನೀರಿನ ಗುಹೆ

ಬೆಳಿಗ್ಗೆ ಉದ್ದ ದೋಣಿಯಲ್ಲಿ ಮೆಲಿನಾವ್ ನದಿಯ ಮೇಲ್ಮುಖವಾಗಿ ಪಯಣ. ದಾರಿಯಲ್ಲಿ ಬಾಟು ಬುಂಗಾನ್ ಎಂಬ ಪೆನಾನ್ ಜನರ ಊರಿನಲ್ಲಿ ದೋಣಿ ನಿಲ್ಲಿಸುತ್ತಾರೆ. ಕಾಡಿನಲ್ಲಿ ಅಲೆಮಾರಿಗಳಾಗಿದ್ದ ಪೆನಾನರು ಇಲ್ಲಿ ನೆಲೆ ನಿಂತವರು, ಬೆತ್ತದ ಹೆಣಿಗೆ ಅವರ ಕೈಗೆ ಒಲಿದ ವಿದ್ಯೆ. ಬೆತ್ತದ ಬುಟ್ಟಿ, ಬಳೆ ಕೊಳ್ಳುವುದಾದರೆ ಇಲ್ಲೇ ಕೊಳ್ಳಿ, ದುಡ್ಡು ಹೆಣೆದವರ ಕೈಗೇ ಹೋಗುತ್ತದೆ.

ಗಾಳಿಯ ಗುಹೆಯಲ್ಲಿ ಒಳಗಿನ ಮತ್ತು ಹೊರಗಿನ ಗಾಳಿಯ ಬಿಸಿಯಲ್ಲಿ ವ್ಯತ್ಯಾಸವಿರುವುದರಿಂದ, ಇಕ್ಕಟ್ಟಾದ ಒಂದೆಡೆ ತಂಪು ಗಾಳಿ ಮುಖಕ್ಕೆ ಬೀಸುತ್ತದೆ. ಅದರ ರಾಜನ ಕೋಣೆಯಲ್ಲಿ ಸುಣ್ಣದ ಕಂಬಗಳು ತುಂಬಿವೆ. ಅಲ್ಲಿಂದ ಬಂಡೆಯ ಗೋಡೆಗೆ ಅಂಟಿಸಿ ಕಟ್ಟಿದ ಹಲಗೆ ಹಾದಿಯಲ್ಲಿ ನದಿಯ ಮೇಲೇ ನಡೆದು, ಸುಮಾರು 200 ಮೆಟ್ಟಿಲು ಹತ್ತಿದರೆ ಕ್ಲಿಯರ್‌ವಾಟರ್ ಗುಹೆ. ಗಾಳಿಯ ಗುಹೆಯೂ ಸೇರಿ ಒಳಗೊಳಗೇ ಕೂಡಿಕೊಂಡಿರುವ ಈ ಜಾಲದಲ್ಲಿ ಇದುವರೆಗೆ 200 ಕಿಲೋಮೀಟರಿಗೂ ಹೆಚ್ಚು ಅಳೆದಿದ್ದಾರೆ. ಹಲಗೆ ಹಾದಿ ಮುಟ್ಟುವುದು ಅದರ ಹೊಸ್ತಿಲನ್ನು ಮಾತ್ರ.

ಹೊಸ್ತಿಲಲ್ಲೇ ನೋಡುವಂಥದ್ದು ಎರಡಿವೆ, ಜನ ಫೋಟೊ ತೆಗೆಯುವ ಅವಸರದಲ್ಲಿ ದಾಟಿಹೋಗುತ್ತಾರೆ. ಒಂದು, ಬಾಯಿಯ ಬಳಿಯ ಗೋಡೆಯಲ್ಲಿ ಮೊಳೆ ಹೊಡೆದಂತೆ ಎದ್ದಿರುವ ಕಲ್ಲಿನ ಮುಳ್ಳುಗಳು. ಎಲ್ಲವೂ ಒಂದೇ ದಿಕ್ಕಿಗೆ, ಬೆಳಕು ಬರುವ ಕಡೆಗೆ ಬಾಗಿವೆ. ಬಂಡೆಯ ಮೇಲೆ ಬೆಳೆಯುವ ಸೂಕ್ಷ್ಮ ಪಾಚಿಗಳು ಬೆಳಕಿನತ್ತ ಸಾಗುತ್ತ, ತಾವು ಕೂತ ಕಲ್ಲನ್ನೇ ಕರಗಿಸುತ್ತ ಹೋದದ್ದರಿಂದ ಹೀಗಾಗಿದೆ. ಹತ್ತಿರ ಹೋಗಿ ನೋಡಿದರೆ ಮುಳ್ಳಿನ ಮೈಗೆ ಹಸಿರು ಮಸುಕು ಹತ್ತಿರುತ್ತದೆ. ಅಲ್ಲೇ ಬಂಡೆಯಿಂದ ಇಳಿಬಿದ್ದ ಗಿಡಕ್ಕೆ ಆಯುಷ್ಯಪೂರ್ತಿ ಒಂದೇ ಎಲೆ. ಅರೆಬೆಳಕಿನಲ್ಲಿ ಹತ್ತು ಎಲೆ ಸಾಕುವ ಬದಲು ಒಂದನ್ನೇ ಅಗಲಿಸಿಕೊಳ್ಳುತ್ತದೆ.

ಎರಡನೆಯದು, ಒಳಗಿನ ಗೋಡೆಯ ಮೇಲೆ ಚಮಚದಿಂದ ಬಗೆದಂಥ ಗುಳಿಗಳ ಸಾಲು. ಹರಿಯುವ ನೀರು ಮಾಡಿದ ಗುರುತು ಅದು. ಪ್ರತಿ ಗುಳಿಯಲ್ಲೂ ಒಂದು ಬದಿ ಕಡಿದಾಗಿದ್ದರೆ ಎದುರಿನ ಬದಿ ಓರೆಯಾಗಿರುತ್ತದೆ. ನೀರು ಬಂದದ್ದು ಕಡಿದಾದ ಬದಿಯಿಂದ. ಗುಳಿ ಚಿಕ್ಕದಾದಷ್ಟೂ ಹರಿವು ಬಿರುಸಾಗಿತ್ತು ಎಂದರ್ಥ. ನೀರೇ ಇಲ್ಲದ ಎತ್ತರದ ಸುರಂಗದಲ್ಲೂ ಈ ಗುಳಿಗಳು ಸಿಗುತ್ತವೆ. ಬೆಟ್ಟ ಮೇಲೇಳುತ್ತ ಹೋದಂತೆ ನದಿ ಕೆಳಕೆಳಗೆ ಹೊಸ ದಾರಿ ಕೊರೆದುಕೊಂಡಿದೆ, ಬಿಟ್ಟುಹೋದ ಹಳೆಯ ಪಾತ್ರಗಳು ಮಹಡಿಯ ಮೇಲೆ ಮಹಡಿಯಾಗಿ ಒಣಗಿ ನಿಂತಿವೆ. ಎಂದರೆ ಮೇಲಿನ ಮಹಡಿಯೇ ಹಳೆಯದು.

ಗುಹೆಯ ನದಿ ಹೊರಬರುವಲ್ಲಿ ಹಸಿರು ಛಾಯೆಯ ತಿಳಿಗೊಳ, ಈಜಬಹುದು. ಕೆಂಪು ತಲೆಪಟ್ಟಿಯ, ಕಪ್ಪು ರೆಕ್ಕೆಯಲ್ಲಿ ಹಸಿರು ಗರಿಗೆರೆಗಳಿರುವ ರಾಜಾ ಬ್ರೂಕ್ ಚಿಟ್ಟೆ ಒದ್ದೆ ಮರಳಿಗೆ ಉಪ್ಪು ಹೀರಲು ಬಂದು ಕೂರುವುದು ಇಂಥ ಜಾಗಗಳಲ್ಲೇ. ನದಿ ಏರಿದ ದಿನ ಈ ಎರಡೂ ಗುಹೆಗಳ ಭೇಟಿ ರದ್ದಾಗುತ್ತದೆ. ಹಾಗಾದರೆ ಆರನೆಯ ದಿನದ ಕಾರ್ಯಕ್ರಮವನ್ನು ಇಲ್ಲಿಗೆ ತಂದುಕೊಳ್ಳಿ.

ಪಿನಕಲ್ಸ್‌ಗೆ ಹೋಗುವ ದೋಣಿಯಲ್ಲೇ ದಾರಿಯಲ್ಲಿ ಈ ಗುಹೆಗಳನ್ನೂ ಮುಗಿಸುವ ಏರ್ಪಾಡುಂಟು, ಖರ್ಚು ಉಳಿಯುತ್ತದೆ. ಆದರೆ ಶಿಬಿರಕ್ಕೆ ನಡೆಯುವ ಹೊತ್ತಿಗೆ ಮಧ್ಯಾಹ್ನ ಮೀರಿ, ಮಳೆ ಹಿಡಿದರೆ ಕತ್ತಲಾಗುತ್ತದೆ. ದಿನವಿದ್ದರೆ ಬೇರೆಯಾಗಿ ಮಾಡುವುದೇ ಲೇಸು.

ಸಂಜೆ ಆಕಾಶ ತಿಳಿಯಾಗಿದ್ದು, ನಿನ್ನೆ ಬಾವಲಿಗಳು ಕೈಕೊಟ್ಟಿದ್ದರೆ, ಕಚೇರಿಯಲ್ಲಿ ಹೆಸರು ಬರೆಸಿ ಮತ್ತೊಮ್ಮೆ ಬಯಲಿಗೆ ಹೋಗಿ. ಇಲ್ಲವಾದರೆ ರಾತ್ರಿ ನಡಿಗೆ. ಮರದ ಕಾಂಡಕ್ಕೆ ಅಂಟಿದ, ಮೂಗು ಮುಂದಕ್ಕೆ ಚಾಚಿದ ಲಾಂದ್ರ ಕೀಟ, ಗೇಣುದ್ದದ ಕಡ್ಡಿಹುಳು, ಕೊಳೆತ ದಿಮ್ಮಿಯಲ್ಲಿ ಹಸಿರಾಗಿ ಮಿನುಗುವ ಅಣಬೆ. ಅಣಬೆ ಕಾಣಬೇಕಾದರೆ ಗುಂಪಿನವರೆಲ್ಲ ಟಾರ್ಚು ಆರಿಸಿ ಎರಡು ನಿಮಿಷ ಸುಮ್ಮನೆ ನಿಲ್ಲಬೇಕು. ಒರಾಂಗುಟಾನ್ ನೋಡುವ ಆಸೆಯಿದ್ದರೆ ಮುಲುವಿನಲ್ಲಿ ಅದು ಈಡೇರುವುದಿಲ್ಲ, ಅವು ಇಲ್ಲಿಲ್ಲ. ಆದರೆ ಹಗಲಲ್ಲಿ ನೋಡಲು ಬೋರ್ನಿಯೊದ ಎಂಟು ಜಾತಿಯ ಮಂಗಟ್ಟೆ ಹಕ್ಕಿಗಳೂ ಇವೆ. ಕಾಣುವ ಮೊದಲೇ ರೆಕ್ಕೆಯ ಭಾರೀ ಸದ್ದು ಕೇಳುತ್ತದೆ, ಆಗ ಮರದ ತುದಿ ನೋಡಿ.

ಮೂರನೆಯ ದಿನ: ಐದನೆಯ ಶಿಬಿರಕ್ಕೆ

ಕ್ಯಾಂಪ್ 5ರಲ್ಲಿ ಗ್ಯಾಸ್ ಒಲೆ, ಪಾತ್ರೆ ಇವೆ. ದಿನಸಿ ನಾವೇ ಹೊರಬೇಕು. ಎರಡು ರಾತ್ರಿಗೆ ಒಬ್ಬರಿಗೆ ಅರ್ಧ ಕಿಲೋ ಅಕ್ಕಿ, ಆರು ಪೊಟ್ಟಣ ನೂಡಲ್ಸ್, ಬಿಸ್ಕತ್ತು, ಕಡಲೆಬೀಜ, ಉಪ್ಪುಸಕ್ಕರೆಯ ಓಆರ್‌ಎಸ್ ಪುಡಿ. ಮಾಂಸ ತಿನ್ನದವರಿಗೆ ಕಚೇರಿಯ ಬಳಿಯ ಊಟದಲ್ಲಿ ಒಂದು ಎಚ್ಚರ: ಸೊಪ್ಪು, ಜರಿಗಿಡದ ಚಿಗುರಿನ ಪಲ್ಯಕ್ಕೂ ಬೆಲಚಾನ್ ಎಂಬ ಸೀಗಡಿ ಮುದ್ದೆ ಹಾಕುವುದುಂಟು. 'ತಂಪಾ ಬೆಲಚಾನ್' ಎಂದು ಹೇಳಿದರೆ ಹಾಕದೆ ಕೊಡುತ್ತಾರೆ.

ದೋಣಿ ಕ್ಲಿಯರ್‌ವಾಟರ್ ದಾಟಿ ಕ್ವಾಲಾ ಲಿತುತ್‌ವರೆಗೆ ಹೋಗುತ್ತದೆ. ನಾಲ್ಕಾರು ದಿನ ಮಳೆ ಬಿಟ್ಟಿದ್ದರೆ ಹರಳುಕಲ್ಲಿನ ಮೇಲೆ ನೀರು ಮೊಣಕಾಲಿಗೂ ಬರುವುದಿಲ್ಲ. ಆಗ ಎಲ್ಲರೂ ಇಳಿದು ದೋಣಿ ತಳ್ಳಬೇಕು. ಹಾಗಾಗಿ ಮೊಬೈಲು, ಪಾಸ್‌ಪೋರ್ಟು ಜಲನಿರೋಧಕ ಚೀಲದಲ್ಲಿರಲಿ. ಇಳಿದಲ್ಲಿಂದ ಶಿಬಿರಕ್ಕೆ ಸುಮಾರು 8.8 ಕಿಲೋಮೀಟರ್ ಸಮತಟ್ಟು ಕಾಡುದಾರಿ, ಎರಡೂವರೆ ಮೂರು ಗಂಟೆ. ಕಷ್ಟವೇನಿಲ್ಲ, ಉಂಬಳಗಳು ಇವೆ. ಹತ್ತಿದ ಉಂಬಳವನ್ನು ಸೆಳೆದು ಕೀಳಬೇಡಿ. ಉಗುರಿನ ಅಂಚಿನಿಂದ ಬಾಯಿಯ ಕಡೆ ಚರ್ಮಕ್ಕೆ ಒತ್ತಿ ಜಾರಿಸಿದರೆ ಬಿಡುತ್ತದೆ.

ಶಿಬಿರ ಮೆಲಿನಾವ್ ಕಮರಿಯ ಬಾಯಲ್ಲಿ, ನದಿಯ ದಡದಲ್ಲೇ ಇದೆ. ಎದುರಿಗೆ ಬೆನಾರತ್‌ನ ಬಿಳಿಗೋಡೆ. ಗೋಡೆಯಿಲ್ಲದ ಮಾಳಿಗೆಯಲ್ಲಿ ಚಾಪೆ ಹಾಸಿ ಮಲಗುವುದು, ಸಂಜೆ ಕೆಲವೇ ಗಂಟೆ ಕರೆಂಟು. ತೆಳು ಹೊದಿಕೆ ತನ್ನಿ, ಬೆಳಗಿನ ಜಾವ ನದಿಯ ತಂಪು ಏಳುತ್ತದೆ.

1977–78ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ತಂಡ, ರಾಬಿನ್ ಹ್ಯಾನ್ಬರಿ-ಟೆನಿಸನ್ ಅವರ ಮುಂದಾಳುತನದಲ್ಲಿ, ನೂರಕ್ಕೂ ಹೆಚ್ಚು ವಿಜ್ಞಾನಿಗಳೊಂದಿಗೆ ಹದಿನೈದು ತಿಂಗಳು ಈ ಕಾಡಿನಲ್ಲಿ ಕೆಲಸ ಮಾಡಿತು. ಮುಲು ಜಗತ್ತಿಗೆ ಪರಿಚಯವಾದದ್ದು ಆಗ. ಅದಕ್ಕೂ ಮೊದಲೇ, 1932ರಲ್ಲಿ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಂಡ ಮುಲು ಶಿಖರ ಮುಟ್ಟಿತ್ತು. ಶಿಖರಕ್ಕೆ ದಾರಿ ಕಂಡುಹಿಡಿದಿದ್ದವನು ತಾಮಾ ನಿಲೋಂಗ್ ಎಂಬ ಬೆರವಾನ್ ಬುಡಕಟ್ಟಿನ ಘೇಂಡಾಮೃಗದ ಬೇಟೆಗಾರ. ಇಂದಿಗೂ ಇಲ್ಲಿಯ ಮಾರ್ಗದರ್ಶಿಗಳಲ್ಲಿ ಬೆರವಾನರೂ ಪೆನಾನರೂ ಬಹಳ. ದಾರಿಯಲ್ಲಿ ಅವರು ನಿಂತರೆ ನಾವೂ ನಿಲ್ಲಬೇಕು.

ನಾಲ್ಕನೆಯ ದಿನ: ಪಿನಕಲ್ಸ್

ಆಪಿ ಬೆಟ್ಟದ ಮಗ್ಗುಲಲ್ಲಿ, ಕಾಡಿನ ಮೇಲೆ 45 ಮೀಟರ್‌ವರೆಗೆ ಕತ್ತಿಯಂತೆ ಎದ್ದ ಬೂದು ಕಲ್ಲುಗಳೇ ಪಿನಕಲ್ಸ್. ಮಳೆನೀರು ಬಿರುಕುಗುಂಟ ಕೆಳಗೆ ಕರಗಿಸುತ್ತ ಹೋಗಿ ನಡುವಿನ ಕಲ್ಲನ್ನು ಅಲಗಾಗಿ ಉಳಿಸಿದೆ. ಅವನ್ನು ನೋಡುವ ಜಾಗಕ್ಕೆ ದಾರಿ 2.4 ಕಿಲೋಮೀಟರ್ ಮಾತ್ರ, ಏರುವುದು ಹೆಚ್ಚುಕಡಿಮೆ 1,200 ಮೀಟರ್. ಎರಡು ಹೆಜ್ಜೆ ಮುಂದಿಟ್ಟರೆ ಒಂದು ಹೆಜ್ಜೆಯಷ್ಟು ಮೇಲೇರಿದ ಲೆಕ್ಕ. ದೂರ ನೋಡಿ ಹಗುರವಾಗಿ ತೆಗೆದುಕೊಂಡವರೇ ಇಲ್ಲಿ ಸೋಲುವುದು.

ಬೆಳಿಗ್ಗೆ ಆರು, ಆರೂವರೆಗೆ ಹೊರಡಬೇಕು. ರಾತ್ರಿ ಜೋರು ಮಳೆಯಾಗಿದ್ದರೆ ಮಾರ್ಗದರ್ಶಿ ಬೇಡವೆನ್ನಬಹುದು, ವಾದಿಸಬೇಡಿ. ಈ ಕಲ್ಲು ಒದ್ದೆಯಾದಾಗ ಜಾರುತ್ತದೆ, ಜಾರಿ ಕೈಯೂರಿದರೆ ಅಂಗೈ ಸೀಳುತ್ತದೆ. ಮೊದಲ 900 ಮೀಟರ್ ಬೇರು, ಬಂಡೆಗಳ ಏರು. ಅಲ್ಲಿ ಸಣ್ಣ ಪಿನಕಲ್ಸ್ ಸಿಗುತ್ತವೆ. ಅಷ್ಟಕ್ಕೆ ಒಂದು ಗಂಟೆಗಿಂತ ಬಹಳ ಹೆಚ್ಚು ಹಿಡಿದವರನ್ನು ಮಾರ್ಗದರ್ಶಿ ಸಾಮಾನ್ಯವಾಗಿ ವಾಪಸು ಕಳಿಸುತ್ತಾರೆ. ಕೊನೆಯ ಸುಮಾರು 400 ಮೀಟರ್ ಏಣಿ ಮತ್ತು ಹಗ್ಗಗಳ ಭಾಗ, ಅಲ್ಲಿಗೆ 11 ಗಂಟೆಯೊಳಗೆ ಮುಟ್ಟದಿದ್ದರೂ ಹಾಗೆಯೇ. ಕಾರಣ ಸರಳ: ಇಳಿಯಲು ಹತ್ತುವುದಕ್ಕಿಂತ ಹೆಚ್ಚು ಹೊತ್ತು ಬೇಕು. ಹತ್ತಲು ಮೂರು, ನಾಲ್ಕು ಗಂಟೆಯಾದರೆ ಇಳಿಯಲು ನಾಲ್ಕು, ಐದು ಗಂಟೆ. ಮಧ್ಯಾಹ್ನದ ಮಳೆಯಲ್ಲಿ, ಕತ್ತಲಲ್ಲಿ ಈ ದಾರಿಯಲ್ಲಿ ಯಾರೂ ಸಿಕ್ಕಿಬೀಳಬಾರದು.

ನೀರು ಮೂರು ಲೀಟರ್ ಕಡಿಮೆಯಿಲ್ಲದಂತೆ. ಸುತ್ತ ಮಳೆಕಾಡೇ ಇದ್ದರೂ ದಾರಿಯಲ್ಲಿ ಒಂದು ಹನಿ ನೀರು ಸಿಗುವುದಿಲ್ಲ. ಬಿದ್ದ ಮಳೆಯನ್ನೆಲ್ಲ ಬೆಟ್ಟ ಆಗಲೇ ಕುಡಿದಿರುತ್ತದೆ, ಅದು ಕ್ಲಿಯರ್‌ವಾಟರಿನಂಥ ಗುಹೆಗಳಲ್ಲೇ ಮತ್ತೆ ಕಾಣಿಸಿಕೊಳ್ಳುವುದು. ಒಂದು ಬಾಟಲಿಯನ್ನು 900 ಮೀಟರಿನ ಬಳಿ ಗುರುತಿಟ್ಟು ಬಿಟ್ಟು ಹೋಗಿ, ಇಳಿಯುವಾಗ ಅದೇ ಪ್ರಾಣ ಉಳಿಸುತ್ತದೆ. ಸ್ನಾಯು ಹಿಡಿದುಕೊಳ್ಳುವುದು ಹೆಚ್ಚಾಗಿ ಇಳಿಯುವಾಗ, ಬರೀ ನೀರು ಕುಡಿದು ಉಪ್ಪು ಮರೆತವರಿಗೆ. ಒಂದು ಲೀಟರಿಗೆ ಓಆರ್‌ಎಸ್ ಬೆರೆಸಿಟ್ಟುಕೊಳ್ಳಿ.

ಏಣಿಗಳ ಭಾಗದಲ್ಲಿ ಕೈಗವಸು ಹಾಕಿ, ಊರುಗೋಲನ್ನು ಬ್ಯಾಗಿಗೆ ಕಟ್ಟಿ, ಎರಡೂ ಕೈ ಖಾಲಿಯಿರಲಿ. ಒಂದು ಏಣಿಯ ಮೇಲೆ ಒಬ್ಬರೇ. ಮೂರು ಆಸರೆ ಗಟ್ಟಿಯಾದ ಮೇಲೆಯೇ ನಾಲ್ಕನೆಯ ಕೈಯೋ ಕಾಲೋ ಕದಲಬೇಕು. ಇಳಿಯುವಾಗ ಏಣಿಗೆ ಮುಖಮಾಡಿ ಇಳಿಯಿರಿ. ಏಣಿಗಳ ನಡುನಡುವೆ ಗಿಡ್ಡ ಮರಗಳಿಗೆ ಪಾಚಿ ಕವಿದಿರುತ್ತದೆ, ಹುಳುಗಳನ್ನು ಬೀಳಿಸಿಕೊಳ್ಳುವ ಹೂಜಿ ಗಿಡಗಳು ಕಾಲ ಬಳಿಯೇ ಜೋತಿರುತ್ತವೆ. ಇಲ್ಲಿ ಮಣ್ಣೇ ಇಲ್ಲ, ಸಾರಜನಕವನ್ನು ಹುಳುಗಳಿಂದಲೇ ಪಡೆಯಬೇಕು. ಮೇಲೆ ಮುಟ್ಟಿದಾಗ ಮೋಡ ಕವಿದಿದ್ದರೆ ಕಾಯಿರಿ. ಮೋಡ ಸರಿದಾಗ ಒಂದೊಂದೇ ಅಲಗು ಹೊರಬರುತ್ತದೆ, ಬುಡದಲ್ಲಿ ಕಾಣುವ ಹಸಿರು ಪೊದೆಗಳು ದೊಡ್ಡ ಮರಗಳೆಂದು ನಿಧಾನವಾಗಿ ಅರ್ಥವಾಗುತ್ತದೆ. ಅರ್ಧ ಗಂಟೆ ಸಾಕು. ಶಿಬಿರಕ್ಕೆ ಮರಳಿದ ಮೇಲೆ ನದಿಯಲ್ಲಿ ಸೊಂಟದವರೆಗೆ ಕೂತರೆ ಮಂಡಿಗಳು ಕೃತಜ್ಞವಾಗುತ್ತವೆ.

ಐದನೆಯ ದಿನ: ವಾಪಸು

ಬಂದ ದಾರಿಯಲ್ಲೇ ನಡಿಗೆ, ದೋಣಿ. ಹಿಂದಿರುಗದೆ ಮುಂದೆ ಹೋಗುವವರು ಹೆಡ್‌ಹಂಟರ್ಸ್ ಟ್ರೇಲ್ ಹಿಡಿದು ಕ್ವಾಲಾ ತೆರಿಕಾನ್‌ವರೆಗೆ 11.3 ಕಿಲೋಮೀಟರ್ ನಡೆದು, ಅಲ್ಲಿಂದ ದೋಣಿಯಲ್ಲಿ ಲಿಂಬಾಂಗ್ ಕಡೆ ಹೋಗಬಹುದು. ಅಲ್ಲಿ ದೋಣಿಯನ್ನು ಮೊದಲೇ ಗೊತ್ತು ಮಾಡಿಕೊಂಡಿರಬೇಕು. ಕಚೇರಿಗೆ ಮರಳಿದವರಿಗೆ ಮಧ್ಯಾಹ್ನದ ಮೇಲೆ ಒದ್ದೆ ಬಟ್ಟೆ ಒಣಹಾಕುವುದೇ ಕೆಲಸ. ಸಂಜೆ ಆಕಾಶ ಒಣಗಿದ್ದರೆ ಬಾವಲಿಗಳ ಬಯಲು ಕಾದಿದೆ.

ಆರನೆಯ ದಿನ: ಮರಗಳ ತಲೆಯ ಮೇಲೆ

ಪಿನಕಲ್ಸ್ ಇಳಿದ ಕಾಲುಗಳಿಗೆ ಹೇಳಿ ಮಾಡಿಸಿದ್ದು ಮರದ ಮೇಲಿನ ತೂಗುಹಾದಿ, ಮೆಟ್ಟಿಲು ಕಡಿಮೆ. 480 ಮೀಟರ್ ಉದ್ದ, ನೆಲದಿಂದ 20 ಮೀಟರಿಗೂ ಹೆಚ್ಚು ಎತ್ತರ, ಮರದಿಂದ ಮರಕ್ಕೆ ಕಟ್ಟಿದ್ದು. ಒಂದು ತುಂಡು ಸೇತುವೆಯ ಮೇಲೆ ಇಬ್ಬರಿಗಿಂತ ಹೆಚ್ಚು ಬೇಡ. ಬೆಳಗಿನ ಮೊದಲ ಸರದಿಯನ್ನೇ ಕೇಳಿ, ಬಿಸಿಲೇರಿದ ಮೇಲೆ ಹಕ್ಕಿಗಳು ಸುಮ್ಮನಾಗುತ್ತವೆ.

ಸಮಯ ಉಳಿದರೆ ಸಾರವಾಕ್ ಚೇಂಬರ್ ಎಂಬ ಗುಹೆಯೊಳಗಿನ ಕೋಣೆಯ ಬಗ್ಗೆ ಕಚೇರಿಯಲ್ಲಿ ಕೇಳಿಕೊಂಡು ಹೋಗಿ, ಮುಂದಿನ ಸಲಕ್ಕೆ. 1981ರಲ್ಲಿ ಆಂಡಿ ಈವಿಸ್, ಡೇವ್ ಚೆಕ್ಲಿ, ಟೋನಿ ವೈಟ್ ಎಂಬ ಮೂವರು ಗುಹಾನ್ವೇಷಕರು ನಾಸಿಬ್ ಬಾಗುಸ್ ಗುಹೆಯಲ್ಲಿ ಸುರಂಗವೆಂದುಕೊಂಡು ಒಂದು ಗೋಡೆ ಹಿಡಿದು ನಡೆದರು. ಎದುರಿನ ಗೋಡೆಗೆ ದೀಪ ಮುಟ್ಟಲೇ ಇಲ್ಲ. ಅದು ಸುಮಾರು 600 ಮೀಟರ್ ಉದ್ದ, 400 ಮೀಟರಿಗೂ ಹೆಚ್ಚು ಅಗಲದ ಒಂದೇ ಕೋಣೆ, ನೆಲದ ವಿಸ್ತಾರದಲ್ಲಿ ಜಗತ್ತಿನಲ್ಲೇ ದೊಡ್ಡದು. ಹೋಗಿಬರಲು ಇಡೀ ದಿನ ಬೇಕು, ಗುಹೆಯಲ್ಲಿ ನಡೆದ ಅನುಭವವಿಲ್ಲದವರನ್ನು ಕರೆದೊಯ್ಯುವುದಿಲ್ಲ.

ಮುಲುವಿನ ವಿಮಾನ ಮೋಡ, ಮಳೆಗೆ ತಡವಾಗುವುದು, ರದ್ದಾಗುವುದು ಉಂಟು. ಮಿರಿಯಿಂದ ಮುಂದಿನ ವಿಮಾನವನ್ನು ಅದೇ ದಿನಕ್ಕೆ ಇಟ್ಟುಕೊಳ್ಳಬೇಡಿ. ಚೀಲ ಹೆಗಲಿಗೇರಿಸಿ ತೂಗುಸೇತುವೆ ದಾಟುವಾಗ ದಂಡೆಯ ಗುರುತು ನೋಡಿ. ಅದು ಮುಳುಗಿದ್ದರೆ, ಎದುರಿಗೆ ಬರುವ ಹೊಸಬರಿಗೆ ಇವತ್ತು ತೂಗುಹಾದಿಗೆ ಹೋಗಿ, ದೋಣಿ ನಾಳೆಗಿರಲಿ ಎಂದು ಹೇಳಿ ಬನ್ನಿ.